ಏಪ್ರಿಲ್ ರಜೆ: ಉಡುಪಿಯಿಂದ ಮಕ್ಕಳು, ಅತ್ತೆ ಜೊತೆ ವಿದೇಶ – ಸಿಂಗಾಪುರವೋ, ಅಬುಧಾಬಿಯೋ, ಟೋಕಿಯೋವೋ?

ಅಂಬಲಪಾಡಿ ಅಮ್ಮ:

ಎಲ್ಲರಿಗೂ ನಮಸ್ಕಾರ. ಬರುವ ಏಪ್ರಿಲ್ ರಜೆಯಲ್ಲಿ ಐದು ಜನ ಹೊರಡುವುದು ಅಂತ ಉಂಟು: ನಾವಿಬ್ಬರು, 11 ವರ್ಷದ ಮಗಳು, 5 ವರ್ಷದ ಮಗ, 66 ವರ್ಷದ ಅತ್ತೆ. ಒಟ್ಟು 6 ರಾತ್ರಿ. ಮಕ್ಕಳಿಗೆ ಥೀಮ್ ಪಾರ್ಕ್ ಆಗಲೇಬೇಕು. ಸಿಂಗಾಪುರದ ಯೂನಿವರ್ಸಲ್ ಸ್ಟುಡಿಯೋಸ್, ಅಬುಧಾಬಿಯ ಯಾಸ್ ದ್ವೀಪ, ಟೋಕಿಯೋದ ಡಿಸ್ನಿ – ಈ ಮೂರರಲ್ಲಿ ಒಂದು.

ಮಗನ ಎತ್ತರ ಈಗ ನವೆಂಬರಿನಲ್ಲಿ 104 ಸೆಂ.ಮೀ., ಮಗಳದ್ದು 138. ಅತ್ತೆಗೆ ಬಿ.ಪಿ. ಉಂಟು, ಮಂಡಿನೋವೂ ಉಂಟು, ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ. ಯಾವ ಊರು ಸರಿ, ಬಜ್ಪೆಯಿಂದ (ಮಂಗಳೂರು ವಿಮಾನ ನಿಲ್ದಾಣ) ಹೋಗುವುದೋ ಬೆಂಗಳೂರಿನಿಂದಲೋ, ಯಾವುದನ್ನು ಮೊದಲು ಬುಕ್ ಮಾಡಬೇಕು – ಗೊತ್ತಿದ್ದವರು ಹೇಳಿ.

ಕದ್ರಿ ಕಂಪಾಸ್:

ಮಕ್ಕಳ ಎತ್ತರವನ್ನು ಪ್ರಶ್ನೆಯಲ್ಲೇ ಬರೆದದ್ದು ಬಹಳ ಒಳ್ಳೆಯದಾಯಿತು. ಪಾರ್ಕ್ ಆರಿಸುವಾಗ ವಯಸ್ಸಿಗಿಂತ ಅದೇ ಮುಖ್ಯ.

ಮೊದಲು ಟೋಕಿಯೋ ಬಿಡಿ. ಏಪ್ರಿಲ್ 29, ಮೇ 3, 4, 5 ಜಪಾನಿನಲ್ಲಿ ಸರಕಾರಿ ರಜೆ, ಇಡೀ ದೇಶ ಆ ವಾರ ಊರು ಸುತ್ತಲು ಹೊರಡುತ್ತದೆ. ನಮ್ಮ ಶಾಲೆಗಳ ರಜೆಯ ನಟ್ಟನಡುವೆಯೇ ಅದು ಬೀಳುತ್ತದೆ. ಏಪ್ರಿಲ್ ಮಧ್ಯದಲ್ಲೇ ಹೋಗಿ ಬರಬಹುದು, ಆದರೆ ಕರಾವಳಿಯಿಂದ ಹೊರಟು ಅಲ್ಲಿಗೆ ಮುಟ್ಟುವ ದಾರಿ ಉದ್ದ. 6 ರಾತ್ರಿಯಲ್ಲಿ ಎರಡು ಪ್ರಯಾಣಕ್ಕೇ ಹೋಗುತ್ತದೆ. ಡಿಸ್ನಿಸೀಯಲ್ಲಿ 2024ರ ಜೂನ್‌ನಲ್ಲಿ ತೆರೆದ ಫ್ಯಾಂಟಸಿ ಸ್ಪ್ರಿಂಗ್ಸ್ ಎಂಬ ಹೊಸ ವಲಯ ನೋಡುವ ಆಸೆ ಇದ್ದರೆ ಅದಕ್ಕೆ ಬೇರೆಯೇ 9 ರಾತ್ರಿಯ ಪ್ರವಾಸ ಇಡಿ.

ಸಿಂಗಾಪುರಕ್ಕೆ ನಿಮ್ಮ ಸಮಯ ಸರಿಯಾಗಿ ಕೂಡಿ ಬರುತ್ತದೆ. ಅಲ್ಲಿನ ಶಾಲೆಗಳ ದೊಡ್ಡ ರಜೆ ಮೇ ಕೊನೆಗೆ ಶುರುವಾಗಿ ಜೂನ್ ತುಂಬ ಇರುತ್ತದೆ. ಅಷ್ಟರಲ್ಲಿ ನಮ್ಮ ಮಕ್ಕಳು ವಾಪಸು ಶಾಲೆಗೆ ಹೋಗಿರುತ್ತಾರೆ. ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗಿನ ಮಂಗಳವಾರ, ಬುಧವಾರ, ಗುರುವಾರ ಪಾರ್ಕಿಗೆ ಒಳ್ಳೆಯ ದಿನಗಳು. ಗುಡ್ ಫ್ರೈಡೇ ವಾರಾಂತ್ಯ ಮತ್ತು ಮೇ 1 ತಪ್ಪಿಸಿ, ಎರಡೂ ಅಲ್ಲಿ ರಜಾದಿನ.

ಇನ್ನು ಎತ್ತರ. ಸಿಂಗಾಪುರದ ಯೂನಿವರ್ಸಲ್‌ನಲ್ಲಿ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾಕ್ಕೆ 125 ಸೆಂ.ಮೀ., ರಿವೆಂಜ್ ಆಫ್ ದಿ ಮಮ್ಮಿಗೆ 122, ಜುರಾಸಿಕ್ ಪಾರ್ಕ್ ರ‍್ಯಾಪಿಡ್ಸ್‌ಗೆ 107, ಟ್ರಾನ್ಸ್‌ಫಾರ್ಮರ್ಸ್‌ಗೆ 102, ಪುಸ್ ಇನ್ ಬೂಟ್ಸ್‌ಗೆ 100, ಕ್ಯಾನೊಪಿ ಫ್ಲೈಯರ್ ಮತ್ತು ಎನ್‌ಚಾಂಟೆಡ್ ಏರ್‌ವೇಸ್‌ಗೆ 92. ಮಗಳಿಗೆ ಎಲ್ಲವೂ ಆಯಿತು. ಮಗನಿಗೆ ಮೇಲಿನ ಎರಡು ಬಿಟ್ಟು ಉಳಿದದ್ದು ಆಗುತ್ತದೆ, ಆದರೆ ರ‍್ಯಾಪಿಡ್ಸ್ ಮಾತ್ರ ಗಡಿಯಲ್ಲಿ ನಿಲ್ಲುತ್ತದೆ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಸುಮಾರು 6 ಸೆಂ.ಮೀ. ಬೆಳೆಯುತ್ತಾರೆ, ಅಂದರೆ ಏಪ್ರಿಲ್‌ಗೆ 106ರಿಂದ 107. ಬೆಳಿಗ್ಗೆ ಎದ್ದಾಗಿನ ಎತ್ತರ ಸಂಜೆಗೆ ಅರ್ಧ, ಒಂದು ಸೆಂಟಿಮೀಟರ್ ಕಡಿಮೆಯಾಗುತ್ತದೆ, ದಿನವಿಡೀ ನಿಂತು ನಡೆದು ಬೆನ್ನುಮೂಳೆಯ ನಡುವಿನ ಮೆತ್ತೆ ಒತ್ತಿಕೊಳ್ಳುವುದರಿಂದ. ಹಾಗಾಗಿ ರ‍್ಯಾಪಿಡ್ಸ್ ಹತ್ತಿರ ಬೆಳಿಗ್ಗೆಯೇ ಹೋಗಿ. ಹೊರಡುವ ವಾರ ಮನೆಯ ಗೋಡೆಗೆ ನಿಲ್ಲಿಸಿ, ಚಪ್ಪಲಿ ಇಲ್ಲದೆ, ತಲೆಯ ಮೇಲೆ ಪುಸ್ತಕ ಅಡ್ಡ ಇಟ್ಟು ಅಳೆಯಿರಿ. 107 ಮುಟ್ಟದಿದ್ದರೆ ಆ ಆಟದ ಹೆಸರನ್ನೇ ಅವನ ಮುಂದೆ ಎತ್ತಬೇಡಿ. ಗೇಟಿನಲ್ಲಿ ಕೋಲು ಇಟ್ಟು ಅಳೆದು ವಾಪಸು ಕಳಿಸಿದರೆ 5 ವರ್ಷದ ಮಗುವಿಗೆ ಅರ್ಧ ದಿನ ಮನಸ್ಸು ಸರಿಯಾಗುವುದಿಲ್ಲ.

ನನ್ನ ಮತ ಸಿಂಗಾಪುರ. ಪಾರ್ಕ್ ಸುಮಾರು 20 ಹೆಕ್ಟೇರ್ ಅಷ್ಟೆ, ಮಧ್ಯೆ ಕೆರೆ, ಸುತ್ತ ವಲಯಗಳು. ಒಂದು ಸುತ್ತು ಬಂದರೆ ಮುಗಿಯಿತು. ಒಂದು ದಿನ ಸಾಕು, ಎರಡು ದಿನದ ಟಿಕೆಟ್ ಬೇಡವೇ ಬೇಡ.

ಬಜ್ಪೆ ಬೋರ್ಡಿಂಗ್:

ಕದ್ರಿಯವರ ಲೆಕ್ಕ ಸರಿ. ಆದರೆ ಅಬುಧಾಬಿಯನ್ನು ಅಷ್ಟು ಬೇಗ ಬದಿಗೆ ಸರಿಸಬೇಡಿ ಮಾರಾಯ್ರೆ. ಬಜ್ಪೆಯಿಂದ ಅಬುಧಾಬಿಗೂ ದುಬೈಗೂ ನೇರ ವಿಮಾನ ಉಂಟು, ಸುಮಾರು ನಾಲ್ಕು ಗಂಟೆಯ ಹಾರಾಟ. ಉಡುಪಿಯಿಂದ ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ ಇಟ್ಟುಕೊಂಡರೆ ಸಾಕು. ಮಂಡಿನೋವಿನ ಅತ್ತೆಗೆ ಘಾಟಿ ಇಳಿದು ಹತ್ತುವ ಕೆಲಸವೇ ಇಲ್ಲ. ಯಾಸ್ ದ್ವೀಪದಲ್ಲಿ ಫೆರಾರಿ ವರ್ಲ್ಡ್ (2010), ವಾರ್ನರ್ ಬ್ರದರ್ಸ್ ವರ್ಲ್ಡ್ (2018), ಸೀವರ್ಲ್ಡ್ (2023) – ಮೂರೂ ಹೆಚ್ಚಿನ ಭಾಗ ಛಾವಣಿಯ ಒಳಗೆ, ಎ.ಸಿ.ಯಲ್ಲಿ. ದ್ವೀಪದ ಹೋಟೆಲ್‌ಗಳಿಂದ ಪಾರ್ಕ್‌ಗಳಿಗೆ ಯಾಸ್ ಎಕ್ಸ್‌ಪ್ರೆಸ್ ಅಂತ ಉಚಿತ ಬಸ್ ಓಡ್ತದೆ. 5 ವರ್ಷದವನಿಗೆ ವಾರ್ನರ್ ಬ್ರದರ್ಸ್ ಬಹಳ ಹಿಡಿಸ್ತದೆ. ಮೇ ತಿಂಗಳಿಗೆ ಹೊರಗೆ 40 ಡಿಗ್ರಿ ಮುಟ್ಟುವುದು ಸಾಮಾನ್ಯ, ಪಾರ್ಕ್ ಒಳಗೇ ಇರುವುದರಿಂದ ಅದು ತಡೆಯುವುದಿಲ್ಲ. ಆದರೆ ಸಂಜೆ ಸುತ್ತಾಡುವ ಸುಖ ಸಿಂಗಾಪುರದಷ್ಟು ಇರುವುದಿಲ್ಲ.

ಯು.ಎ.ಇ.ಗೆ ಹೋಗುವವರಿಗೆ ಎರಡು ಎಚ್ಚರ.

ಒಂದು, ಹೆಸರು. ನಮ್ಮ ಕಡೆ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟು ಒಂದೇ ಹೆಸರು ಹಾಕಿಸಿದವರು ತುಂಬ ಜನ, ಹಿರಿಯರಲ್ಲಂತೂ ಇನ್ನೂ ಹೆಚ್ಚು. 2022ರ ನವೆಂಬರಿನಲ್ಲಿ ಯು.ಎ.ಇ. ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶ ಇಲ್ಲ ಅಂತ ಹೇಳಿತು. ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಆಗ್ತದೆ ಅಂತ ಆಮೇಲೆ ಸ್ಪಷ್ಟ ಮಾಡಿದರು. ಅತ್ತೆಯ ಪಾಸ್‌ಪೋರ್ಟ್ ಇವತ್ತೇ ತೆಗೆದು ನೋಡಿ.

ಎರಡು, ಗಸಗಸೆ. ಅಲ್ಲಿ ಅದು ಮಾದಕ ವಸ್ತುವಿನ ಪಟ್ಟಿಯಲ್ಲಿ ಬರ್ತದೆ. ಮನೆಯಲ್ಲಿ ಹುರಿದು ಮಾಡಿದ ಮಸಾಲೆ ಪುಡಿಯಲ್ಲಿ ಒಂದು ಚಮಚ ಇದ್ದರೂ ಬ್ಯಾಗಿಗೆ ಹಾಕಬೇಡಿ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ಇರುವ ನೋವಿನ ಮಾತ್ರೆಯೂ ಬೇಡ. ಮಂಡಿನೋವಿಗೆ ಡಾಕ್ಟರು ಕೊಟ್ಟ ಮಾತ್ರೆಯ ಹಿಂದೆ ಏನು ಬರೆದಿದೆ ಅಂತ ಓದಿ.

ಸಿಂಗಾಪುರವೇ ಅಂತಾದರೆ ಬೆಂಗಳೂರಿನಿಂದ ಹಾರುವ ಲೆಕ್ಕ ಹೀಗೆ. ಬಜ್ಪೆ–ಬೆಂಗಳೂರು ಮತ್ತು ಬೆಂಗಳೂರು–ಸಿಂಗಾಪುರ ಎರಡನ್ನೂ ಒಂದೇ ಪಿ.ಎನ್.ಆರ್.ನಲ್ಲಿ ತೆಗೆಯಿರಿ. ಬೇರೆ ಬೇರೆ ಟಿಕೆಟ್ ತೆಗೆದರೆ ಎರಡು ಸಾವಿರ ಉಳಿಯಬಹುದು, ಆದರೆ ಮೊದಲ ವಿಮಾನ ತಡವಾದರೆ ಎರಡನೆಯ ಕಂಪನಿಗೆ ನಿಮ್ಮ ಮೇಲೆ ಯಾವ ಹೊಣೆಯೂ ಇಲ್ಲ, ಐದು ಟಿಕೆಟ್ ಹೋದಂತೆಯೇ. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಟರ್ಮಿನಲ್ 2ರಿಂದ. ನಿಮ್ಮ ದೇಶೀಯ ವಿಮಾನ ಟರ್ಮಿನಲ್ 1ರಲ್ಲಿ ಇಳಿಸಿದರೆ ಶಟಲ್ ಬಸ್ಸಿನಲ್ಲಿ ಆಚೆಗೆ ಹೋಗಬೇಕು. ನಡುವೆ 4 ಗಂಟೆಗೆ ಕಡಿಮೆ ಇರಬಾರದು.

ಬಸ್ಸಿನಲ್ಲೇ ಹೋಗುವುದಾದರೆ ಉಡುಪಿಯಿಂದ ರಾತ್ರಿ ಬಸ್ ಬೆಳಿಗ್ಗೆ 6–7ಕ್ಕೆ ಮೆಜೆಸ್ಟಿಕ್ ಮುಟ್ಟುತ್ತದೆ ಅಂತ ಹೇಳ್ತಾರೆ, ಲೆಕ್ಕಕ್ಕೆ 9 ಅಂತ ಇಟ್ಟುಕೊಳ್ಳಿ. ಅಲ್ಲಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ವಾಯುವಜ್ರ ಬಸ್, ಟ್ರಾಫಿಕ್ ಇದ್ದರೆ ಒಂದೂವರೆ ಗಂಟೆ. ವಿಮಾನ ಮಧ್ಯಾಹ್ನ 2ರ ನಂತರದ್ದೇ ಇರಲಿ. ಏಪ್ರಿಲ್‌ನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯುವ ಭಯ ಇಲ್ಲ. ಇದೇ ಪ್ರವಾಸ ಜುಲೈಗೆ ಹೋಯಿತು ಅಂತಾದರೆ ಕಥೆ ಬೇರೆ: 2024ರ ಜುಲೈಯಲ್ಲಿ ಶಿರಾಡಿ ರಸ್ತೆಯೂ, ಸಕಲೇಶಪುರ–ಸುಬ್ರಹ್ಮಣ್ಯ ರೈಲು ದಾರಿಯೂ ಒಟ್ಟಿಗೆ ಬಂದ್ ಆಗಿತ್ತು. ಮಳೆಗಾಲದಲ್ಲಿ ಒಂದು ದಿನ ಮೊದಲೇ ಬೆಂಗಳೂರಲ್ಲಿ ಇರಬೇಕು.

ಬ್ಯಾಗಿನ ವಿಷಯ ಒಂದೇ ಮಾತು. ಇಡೀ ಒಣ ಕೊಬ್ಬರಿ ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ, ಎಣ್ಣೆಯ ಅಂಶದಿಂದ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಕುಂಜಿಬೆಟ್ಟು ಊಟ:

ಅತ್ತೆಯ ಊಟದ ದೃಷ್ಟಿಯಿಂದ ನೋಡಿದರೆ ಸಿಂಗಾಪುರವೇ ಸುಲಭ, ಉಳಿಯುವ ಜಾಗ ಸರಿಯಾಗಿ ಆರಿಸಿದರೆ. ಲಿಟಲ್ ಇಂಡಿಯಾ ಅಥವಾ ಫ್ಯಾರರ್ ಪಾರ್ಕ್ ಮೆಟ್ರೋ ಸ್ಟೇಷನ್ ಹತ್ತಿರ ಹೋಟೆಲ್ ಮಾಡಿ. ಕೋಮಲ ವಿಲಾಸ್ 1947ರಿಂದ ಅಲ್ಲಿದೆ, ಸೆರಂಗೂನ್ ರೋಡಿನಲ್ಲಿ ಬೆಂಗಳೂರಿನ ಎಂ.ಟಿ.ಆರ್. ಕೂಡ ಉಂಟು. ಎರಡೂ ಸಸ್ಯಾಹಾರಿ. ಆದರೆ ಸಸ್ಯಾಹಾರಿ ಅಂದ ಮಾತ್ರಕ್ಕೆ ಈರುಳ್ಳಿ ಬೆಳ್ಳುಳ್ಳಿ ಇಲ್ಲ ಅಂತ ಅರ್ಥ ಅಲ್ಲ, ಸಾಂಬಾರು ಚಟ್ನಿ ಎರಡಕ್ಕೂ ಕೇಳಿಯೇ ಬಡಿಸಿಕೊಳ್ಳಿ. ಇಡ್ಲಿಗೆ ಮನೆಯ ಚಟ್ನಿಪುಡಿ, ಮೊಸರನ್ನ, ಹಾಲು, ಹಣ್ಣು – ಇಷ್ಟರಲ್ಲಿ ದಿನ ಸಾಗುತ್ತದೆ. ವೀರಮಾಕಾಳಿ ಅಮ್ಮನ ದೇವಸ್ಥಾನ, ಶ್ರೀನಿವಾಸ ಪೆರುಮಾಳ್ ದೇವಸ್ಥಾನ ಎರಡೂ ಅದೇ ರಸ್ತೆಯಲ್ಲಿ.

ಮನೆಯಲ್ಲೇ ಗಂಜಿ ಬೇಯಿಸಿಕೊಳ್ಳುವ ಅಂತ ಆನ್‌ಲೈನಿನಲ್ಲಿ ಕಾಣುವ ಖಾಸಗಿ ಫ್ಲ್ಯಾಟ್ ಬುಕ್ ಮಾಡಬೇಡಿ. ಸಿಂಗಾಪುರದಲ್ಲಿ ಖಾಸಗಿ ಮನೆಯನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವುದು ಕಾನೂನುಬಾಹಿರ. ಅಡುಗೆ ಕೋಣೆ ಬೇಕೇ ಬೇಕು ಅಂದರೆ ಪರವಾನಗಿ ಇರುವ ಸರ್ವೀಸ್ಡ್ ಅಪಾರ್ಟ್‌ಮೆಂಟ್ ನೋಡಿ, ಬೆಲೆ ಜಾಸ್ತಿ. ಅವಲಕ್ಕಿ, ಹುರಿದ ರವೆ, ತೊಕ್ಕು, ಹಪ್ಪಳ ತೆಗೆದುಕೊಂಡು ಹೋಗಬಹುದು. ಕೋಳಿ, ಮೀನು, ಮೊಟ್ಟೆ ಇರುವ ತಿಂಡಿ ಏನೂ ಬೇಡ. ಚ್ಯೂಯಿಂಗ್ ಗಮ್, ಜಗಿಯುವ ತಂಬಾಕು, ವೇಪ್ ಕೂಡ ಅಲ್ಲಿಗೆ ಒಯ್ಯುವ ಹಾಗಿಲ್ಲ. ಪ್ಲಗ್ ಮೂರು ಚಪ್ಪಟೆ ಪಿನ್ನಿನದು, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.

ಅಂಬಲಪಾಡಿ ಅಮ್ಮ:

ಇಷ್ಟು ಬಿಡಿಸಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಸಿಂಗಾಪುರ ಅಂತ ನಿಶ್ಚಯ ಮಾಡಿದೆವು, ಅತ್ತೆಗೆ ದೇವಸ್ಥಾನ ಮತ್ತು ಊಟ ಹತ್ತಿರ ಇರುವುದು ಮುಖ್ಯವಾಯಿತು. ಮಗನಿಗೆ ಇನ್ನೂ ಪಾಸ್‌ಪೋರ್ಟೇ ಆಗಿಲ್ಲ. ಯಾವ ಕೆಲಸ ಯಾವಾಗ ಮಾಡುವುದು? ಪಾರ್ಕ್ ದಿನ ಹೇಗೆ ಇಟ್ಟುಕೊಳ್ಳುವುದು? ಅತ್ತೆಗೂ ಯೂನಿವರ್ಸಲ್ ಟಿಕೆಟ್ ತೆಗೆಯಬೇಕಾ?

ಬಜ್ಪೆ ಬೋರ್ಡಿಂಗ್:

ಕಾಗದಪತ್ರದ ಭಾಗ ನಾನು ಹೇಳ್ತೇನೆ, ಪಾರ್ಕ್ ಕದ್ರಿಯವರು ಹೇಳಲಿ.

ಮಗನ ಪಾಸ್‌ಪೋರ್ಟ್ ಅರ್ಜಿ ಈ ವಾರವೇ ಹಾಕಿ. ಮಂಗಳೂರಿನ ಸೇವಾ ಕೇಂದ್ರದಲ್ಲಿ ಸ್ಲಾಟ್ ದೂರ ಇದ್ದರೆ ಉಡುಪಿಯ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರದಲ್ಲಿ ನೋಡಿ. ಅಪ್ಪ ಅಮ್ಮ ಇಬ್ಬರ ಸಹಿ ಇರುವ ಅನೆಕ್ಷರ್ ಡಿ ಎಂಬ ಒಪ್ಪಿಗೆ ಪತ್ರ ಬೇಕು, ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಸೇರಿಸಿರಬೇಕು. ಅನೇಕ ಅರ್ಜಿ ನಿಲ್ಲುವುದೇ ಇಲ್ಲಿ: ಆಸ್ಪತ್ರೆಯಿಂದ ಸಿಕ್ಕಿದ ಪತ್ರದಲ್ಲಿ ಹೆಸರಿನ ಜಾಗ ಖಾಲಿ ಇರ್ತದೆ. ಪತ್ರದಲ್ಲಿ, ಆಧಾರಿನಲ್ಲಿ ಅಪ್ಪ ಅಮ್ಮನ ಹೆಸರಿನ ಅಕ್ಷರ ನಿಮ್ಮ ಪಾಸ್‌ಪೋರ್ಟಿನ ಹಾಗೆಯೇ ಇದೆಯಾ ನೋಡಿ. ಮಗಳ ಪಾಸ್‌ಪೋರ್ಟ್ ಹಳತಾದರೆ ಅದನ್ನೂ ತೆಗೆದು ನೋಡಿ. ಮಕ್ಕಳ ಪಾಸ್‌ಪೋರ್ಟಿಗೆ 5 ವರ್ಷ ಮಾತ್ರ ಅವಧಿ, ಪ್ರಯಾಣದ ದಿನ ಕನಿಷ್ಠ 6 ತಿಂಗಳು ಬಾಕಿ ಇರಬೇಕು.

ವಿಮಾನ ಟಿಕೆಟ್ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ, ಅದರಲ್ಲಿ ಇದ್ದ ಹಾಗೆಯೇ ಹೆಸರು ಬರೆದು ತೆಗೆಯಿರಿ. ಸಿಂಗಾಪುರದ ವೀಸಾ ಅಲ್ಲಿನ ಸರಕಾರ ಒಪ್ಪಿದ ಏಜೆಂಟರ ಮೂಲಕವೇ ಆಗಬೇಕು. ಸರಕಾರಿ ಶುಲ್ಕ ತಲೆಗೆ 30 ಸಿಂಗಾಪುರ ಡಾಲರ್, ನಿರಾಕರಿಸಿದರೂ ವಾಪಸಿಲ್ಲ. ಏಜೆಂಟರ ಕೂಲಿ ಬೇರೆ. ಫೋಟೋ 35 x 45 ಮಿ.ಮೀ., ಬಿಳಿ ಹಿನ್ನೆಲೆ, ಮೂರು ತಿಂಗಳೊಳಗೆ ತೆಗೆದದ್ದು. ಹಳೇ ಫೋಟೋ ಕೊಟ್ಟರೆ ಅರ್ಜಿ ತಿರುಗಿ ಬರ್ತದೆ.

ಎಸ್.ಜಿ. ಅರೈವಲ್ ಕಾರ್ಡ್ ಅಂತ ಇನ್ನೊಂದು ಉಂಟು, ಅದು ವೀಸಾ ಅಲ್ಲ. ಇಳಿಯುವ ದಿನವೂ ಸೇರಿ ಮೂರು ದಿನದ ಒಳಗೆ ಅಲ್ಲಿನ ವಲಸೆ ಇಲಾಖೆ ಐ.ಸಿ.ಎ.ಯ ಜಾಲತಾಣದಲ್ಲಿ ಐದೂ ಜನರದ್ದು ತುಂಬಬೇಕು. ಅದು ಉಚಿತ. ಹುಡುಕಿದಾಗ ಮೇಲೆ ಬರುವ ಕೆಲವು ಪುಟಗಳು ದುಡ್ಡು ಕೇಳ್ತವೆ, ಕೇಳಿದ ಕೂಡಲೇ ಮುಚ್ಚಿ.

ಹಣ: ಕಾರ್ಡ್ ಯಂತ್ರ "ರೂಪಾಯಿಯಲ್ಲಾ, ಡಾಲರ್‌ನಲ್ಲಾ" ಅಂತ ಕೇಳಿದರೆ ಯಾವಾಗಲೂ ಸಿಂಗಾಪುರ ಡಾಲರ್ ಒತ್ತಿ. ರೂಪಾಯಿ ಒತ್ತಿದರೆ ಆ ಯಂತ್ರದವರ ದರವೇ ಬೀಳ್ತದೆ, ಅದು ಬ್ಯಾಂಕಿನದಕ್ಕಿಂತ ತುಟ್ಟಿ. ಪ್ಯಾಕೇಜ್ ತೆಗೆದುಕೊಂಡರೆ ಟಿ.ಸಿ.ಎಸ್. ಅಂತ ಮುಂಗಡ ತೆರಿಗೆ ಕಡಿತವಾಗ್ತದೆ, ಅದು ಖರ್ಚಲ್ಲ. ಪಾನ್ ಸರಿಯಾಗಿ ಕೊಟ್ಟಿದ್ದರೆ ತೆರಿಗೆ ಇಲಾಖೆಯ ಪಟ್ಟಿ 26ಎಎಸ್‌ನಲ್ಲಿ ಕಾಣ್ತದೆ, ರಿಟರ್ನ್ಸ್ ತುಂಬುವಾಗ ಹೊಂದಿಸಿಕೊಳ್ಳಬಹುದು. ಅತ್ತೆಯ ವಿಮೆಯಲ್ಲಿ ಬಿ.ಪಿ. ಇದೆ ಅಂತ ಬರೆಯಲೇಬೇಕು. ಮುಚ್ಚಿಟ್ಟರೆ ಕ್ಲೇಮ್ ನಿಲ್ಲುವುದೇ ಅಲ್ಲಿ.

ಕದ್ರಿ ಕಂಪಾಸ್:

ಪಾರ್ಕ್ ಟಿಕೆಟ್ ವೀಸಾ ಬಂದ ಮೇಲೆಯೇ. ದಿನಾಂಕ ಹಾಕಿದ ಟಿಕೆಟ್ ಅದು.

ಬೆಂಗಳೂರಿನಿಂದ ರಾತ್ರಿ ಹೊರಟ ವಿಮಾನ ಬೆಳಿಗ್ಗೆ ಇಳಿಸುತ್ತದೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಹೋಟೆಲ್ ಕೋಣೆ ಸಿಗುವುದು ಮಧ್ಯಾಹ್ನ 2–3ಕ್ಕೆ. ಆ ದಿನ ದೇವಸ್ಥಾನ, ಊಟ, ನಿದ್ರೆ – ಬೇರೇನೂ ಬೇಡ. ಯೂನಿವರ್ಸಲ್ ಅನ್ನು ಎರಡನೇ ಅಥವಾ ಮೂರನೇ ದಿನಕ್ಕೆ ಇಡಿ, ಕೊನೆಯ ದಿನಕ್ಕಂತೂ ಇಡಬೇಡಿ. ಮಗುವಿಗೆ ಜ್ವರ ಬಂದರೆ ದಿನ ಬದಲಾಯಿಸಲು ಜಾಗ ಇರಬೇಕಲ್ಲ.

ಲಿಟಲ್ ಇಂಡಿಯಾದಿಂದ ನೇರಳೆ ಬಣ್ಣದ ನಾರ್ತ್ ಈಸ್ಟ್ ಲೈನ್ ಹತ್ತಿದರೆ ಐದನೇ ಸ್ಟೇಷನ್ ಹಾರ್ಬರ್‌ಫ್ರಂಟ್, ಎಲ್ಲೂ ರೈಲು ಬದಲಿಸಬೇಕಾಗಿಲ್ಲ. ಅಲ್ಲೇ ಮೇಲೆ ವಿವೋಸಿಟಿ ಮಾಲ್‌ನ 3ನೇ ಮಹಡಿಯಿಂದ ಸೆಂಟೋಸಾ ಎಕ್ಸ್‌ಪ್ರೆಸ್, ಯೂನಿವರ್ಸಲ್ ಇರುವ ಸೆಂಟೋಸಾ ದ್ವೀಪದ ರೈಲು ಅದು, ಒಳಗೆ ಹೋಗಲು 4 ಡಾಲರ್. ದ್ವೀಪದ ಒಳಗಿನ ಓಡಾಟಕ್ಕೂ ವಾಪಸು ಬರಲಿಕ್ಕೂ ಮತ್ತೆ ದುಡ್ಡಿಲ್ಲ. ರಿಸಾರ್ಟ್ಸ್ ವರ್ಲ್ಡ್ ಸ್ಟೇಷನ್‌ನಲ್ಲಿ ಇಳಿಯಿರಿ. ಮಂಡಿ ನೋವಿದ್ದವರು ಲಿಫ್ಟ್ ಬಳಸಿ, ಎಲ್ಲಾ ಮೆಟ್ರೋ ಸ್ಟೇಷನ್‌ಗಳಲ್ಲೂ ಉಂಟು. ಕಾರು ಬೇಕಾದರೆ ಒಂದು ನೆನಪಿರಲಿ: 1.35 ಮೀಟರ್‌ಗಿಂತ ಗಿಡ್ಡ ಮಕ್ಕಳಿಗೆ ಆ್ಯಪ್‌ನಲ್ಲಿ ಬರುವ ಖಾಸಗಿ ಕಾರುಗಳಲ್ಲಿ ಮಕ್ಕಳ ಸೀಟು ಕಡ್ಡಾಯ, ಮೀಟರ್ ಟ್ಯಾಕ್ಸಿಗೆ ಮಾತ್ರ ವಿನಾಯಿತಿ. ನಿಮ್ಮ ಮಗನೊಂದಿಗೆ ಸಾಮಾನ್ಯ ಕಾರು ಕರೆದರೆ ಚಾಲಕ ಹತ್ತಿಸಿಕೊಳ್ಳುವುದಿಲ್ಲ.

ಪಾರ್ಕ್ ಸಾಮಾನ್ಯವಾಗಿ 10ಕ್ಕೆ ತೆರೆಯುತ್ತದೆ, 9.15ಕ್ಕೆ ಗೇಟಿನ ಮುಂದೆ ಇರಿ. ಏಪ್ರಿಲ್–ಮೇ ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆಯ ಕಾಲ. ಮಿಂಚಿದರೆ ಹೊರಗಿನ ಆಟ ಎಲ್ಲ ನಿಲ್ಲಿಸುತ್ತಾರೆ, ಎಷ್ಟು ಹೊತ್ತು ಅಂತ ಹೇಳುವವರಿಲ್ಲ. ಆದ್ದರಿಂದ ಬೆಳಿಗ್ಗೆ ಹೊರಗಿನದ್ದು, ಮಧ್ಯಾಹ್ನ ಒಳಗಿನದ್ದು. ತೆರೆದ ಕೂಡಲೇ ಹೆಚ್ಚಿನವರು 2025ರಲ್ಲಿ ಶುರುವಾದ ಮಿನಿಯನ್ ಲ್ಯಾಂಡಿಗೆ ಓಡುತ್ತಾರೆ. ನೀವು ಜುರಾಸಿಕ್ ಪಾರ್ಕ್ ಆಟಗಳಿರುವ ಲಾಸ್ಟ್ ವರ್ಲ್ಡ್ ವಲಯಕ್ಕೆ ಹೋಗಿ. ಕ್ಯಾನೊಪಿ ಫ್ಲೈಯರ್‌ನ ಒಂದೊಂದು ಗಾಡಿಯಲ್ಲಿ ಕೂರುವವರು ನಾಲ್ಕೇ ಜನ, ಸಾಲು ಸ್ವಲ್ಪವೇ ಇದ್ದಂತೆ ಕಂಡರೂ ಕರಗುವುದಿಲ್ಲ. ಅದನ್ನು ಮೊದಲು ಮುಗಿಸಿ, ನಂತರ ಪಕ್ಕದ ರ‍್ಯಾಪಿಡ್ಸ್. ಚೆನ್ನಾಗಿ ಒದ್ದೆಯಾಗುತ್ತೀರಿ, ಮನೆಯಿಂದಲೇ ತೆಳು ರೇನ್‌ಕೋಟ್ ಮತ್ತು ಮಕ್ಕಳಿಗೆ ಒಂದು ಜೊತೆ ಬಟ್ಟೆ ಇರಲಿ. ಆಮೇಲೆ ಬ್ಯಾಟಲ್‌ಸ್ಟಾರ್, ಮಗಳೊಂದಿಗೆ ಒಬ್ಬರು. ಟ್ರಾನ್ಸ್‌ಫಾರ್ಮರ್ಸ್, ಮಮ್ಮಿ, ಮಿನಿಯನ್, ಸೆಸಮಿ ಸ್ಟ್ರೀಟ್ ಎಲ್ಲ ಛಾವಣಿಯ ಕೆಳಗೆ, ಮಳೆ ಬಂದ ಮೇಲೂ ನಡೆಯುತ್ತವೆ.

ಮಗನಿಗೆ ಆಗದ ಎರಡು ಆಟಕ್ಕೆ ಎರಡು ಸಲ ಸಾಲಿನಲ್ಲಿ ನಿಲ್ಲಬೇಡಿ. ಸಾಲಿನ ಬಾಯಲ್ಲಿ ನಿಂತ ಸಿಬ್ಬಂದಿಗೆ ಮಗು ಇದೆ, ಸರದಿ ಬದಲಾಯಿಸಿಕೊಳ್ಳುತ್ತೇವೆ ಅಂತ ಹೇಳಿ. ಒಬ್ಬರು ಹೋಗಿ ಬರುವ ತನಕ ಇನ್ನೊಬ್ಬರು ಮಗುವಿನ ಜೊತೆ ಕಾಯಬಹುದು, ನಂತರ ಹೊಸದಾಗಿ ಸಾಲು ಹಿಡಿಯದೆ ಅವರೂ ಹೋಗಬಹುದು. ಎಕ್ಸ್‌ಪ್ರೆಸ್ ಪಾಸ್ (ಸಾಲು ತಪ್ಪಿಸಿ ಬೇಗ ಹೋಗುವ ಟಿಕೆಟ್) ಪ್ರವೇಶ ಟಿಕೆಟ್ಟಿನಿಂದ ಬೇರೆ, ದಿನದಿಂದ ದಿನಕ್ಕೆ ಬೆಲೆ ಬದಲಾಗುತ್ತದೆ. ರಜೆಯಲ್ಲದ ಬುಧವಾರಕ್ಕೆ ಅದನ್ನು ಮೊದಲೇ ಕೊಳ್ಳುವುದು ದುಡ್ಡು ದಂಡ. ಶನಿವಾರವೇ ಹೋಗಬೇಕಾಗಿ ಬಂದರೆ ಮಾತ್ರ ಕೊಳ್ಳಿ.

ನೀರಿನ ಬಾಟಲಿ, ಬಿಸ್ಕೆಟ್, ಚಕ್ಕುಲಿಯಂಥ ಸಣ್ಣ ತಿಂಡಿ ಒಳಗೆ ಬಿಡುತ್ತಾರೆ. ಊಟದ ಡಬ್ಬಿ ಇಲ್ಲ.

ಉಳಿದ ದಿನಗಳಲ್ಲಿ ಒಂದು ಸಂಜೆ ಗಾರ್ಡನ್ಸ್ ಬೈ ದ ಬೇ, ಸೂಪರ್‌ಟ್ರೀ ದೀಪದ ಆಟ 7.45ಕ್ಕೂ 8.45ಕ್ಕೂ, ಉಚಿತ. ಇನ್ನೊಂದು ಮಧ್ಯಾಹ್ನ ಮಂಡಾಯಿಯ ಮೃಗಾಲಯ ರಿವರ್ ವಂಡರ್ಸ್, ಅದರ ಬೆನ್ನಿಗೇ 7.15ರ ನೈಟ್ ಸಫಾರಿ. ಅಲ್ಲಿ ಟ್ರ್ಯಾಮ್‌ನಲ್ಲಿ ಕೂತು ನೋಡುವುದು, ಅತ್ತೆಗೆ ಅದೇ ಹೆಚ್ಚು ಹಿಡಿಸಬಹುದು. ಒಂದು ಇಡೀ ದಿನ ಏನನ್ನೂ ಬುಕ್ ಮಾಡದೆ ಖಾಲಿ ಬಿಡಿ.

ಅತ್ತೆಯ ಟಿಕೆಟ್: ಪಾರ್ಕಿನ ಒಳಗೆ ಬಂದರೆ ತೆಗೆಯಲೇಬೇಕು, 60 ದಾಟಿದವರಿಗೆ ಬೇರೆ ಕಡಿಮೆ ದರ ಇದೆ, ವಯಸ್ಸಿಗೆ ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಬಿ.ಪಿ. ಇರುವುದರಿಂದ ಟ್ರಾನ್ಸ್‌ಫಾರ್ಮರ್ಸ್, ಮಮ್ಮಿಯಂಥ ಅಲುಗಾಟದ ಆಟ ಬೇಡ. ವಾಟರ್‌ವರ್ಲ್ಡ್ ಪ್ರದರ್ಶನ, ಸೆಸಮಿ ಸ್ಟ್ರೀಟ್ ಕೂತು ನೋಡುವಂಥದ್ದು. ವಾಟರ್‌ವರ್ಲ್ಡಿನಲ್ಲಿ ಮುಂದಿನ ಸಾಲುಗಳಿಗೆ ನೀರು ಎರಚುತ್ತಾರೆ, ಹಿಂದಿನ ಸಾಲಿನಲ್ಲಿ ಕೂರಿಸಿ. ಗಾಲಿ ಕುರ್ಚಿ ಒಳಗೆ ಬಾಡಿಗೆಗೆ ಸಿಗುತ್ತದೆ, ಬೆಳಿಗ್ಗೆಯೇ ತೆಗೆದುಕೊಳ್ಳಿ, ಮಧ್ಯಾಹ್ನಕ್ಕೆ ಖಾಲಿಯಾಗಿರಬಹುದು. ಅವರಿಗೆ ಇಷ್ಟೆಲ್ಲ ಬೇಡ ಅನ್ನಿಸಿದರೆ ಆ ದಿನ ಹೋಟೆಲಿನಲ್ಲೇ ಇರಲಿ, ಪೆರುಮಾಳ್ ದೇವಸ್ಥಾನಕ್ಕೆ ಫ್ಯಾರರ್ ಪಾರ್ಕ್ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಆದರೆ ಕೈಯಲ್ಲಿ ಅಲ್ಲಿನ ಸಿಮ್ ಇರುವ ಫೋನ್ ಮತ್ತು ಹೋಟೆಲ್ ವಿಳಾಸ ಬರೆದ ಚೀಟಿ ಕೊಟ್ಟೇ ನೀವು ಹೊರಡಿ.